ಗುರುತಿನ ತಪ್ಪೂ ಅರ್ಥದ ತಪ್ಪೇ

ಗ್ರಂಥವೊಂದರಲ್ಲಿ ಅರ್ಥದೋಷವಿದ್ದರೆ ಅದನ್ನು ತಿದ್ದುವವನನ್ನು ಲೋಕವು ಪಂಡಿತನೆಂದು ಕರೆಯುತ್ತದೆ. ಗುರುತಿನ ದೋಷವಿದ್ದರೆ ಅದನ್ನು ತಿದ್ದುವವನನ್ನು ಕಂಡು ನಗುತ್ತದೆ. ಈ ಭೇದವು ನ್ಯಾಯವಾದುದಲ್ಲವೆಂದು ತೋರಿಸುವದೇ ಈ ಲೇಖನದ ಉದ್ದೇಶವು. ನಾನು ತೆಗೆದುಕೊಂಡ ಉದಾಹರಣೆಯು ಗಣಕಯಂತ್ರದ ಕೈಪಿಡಿಗಳಿಗೆ ಸಂಬಂಧಿಸಿದ್ದು. ಅಷ್ಟರಿಂದಲೇ ವಾಚಕರು ಪುಟವನ್ನು ಮಗುಚಬಾರದೆಂದು ವಿನಂತಿ. ಇಂದು ನಮ್ಮ ಮನೆಯ ವಿದ್ಯುತ್ತಿನ ಬಿಲ್ಲು, ಮಕ್ಕಳ ಅಂಕಪಟ್ಟಿ, ಹೊಲದ ಪಹಣಿ, ಬ್ಯಾಂಕಿನ ರಸೀದಿ ಇವೆಲ್ಲವೂ ಆ ಯಂತ್ರದಿಂದಲೇ ಹೊರಬೀಳುತ್ತಿವೆ. ಯಂತ್ರವನ್ನು ನಡೆಯಿಸುವವರು ಕೈಪಿಡಿಯನ್ನು ನೋಡಿ ನಡೆಯಿಸುತ್ತಾರೆ. ಆದುದರಿಂದ ಕೈಪಿಡಿಯ ಶುದ್ಧಾಶುದ್ಧಿಯು ಎಲ್ಲರ ಮನೆಯ ವಿಷಯವಾಗಿದೆ.

ಪೂರ್ವಪಕ್ಷವನ್ನು ಮೊದಲು ಯಥಾವತ್ತಾಗಿ ಹೇಳಿಬಿಡುವೆನು. ನಮ್ಮ ನಗರದ ತರುಣನೊಬ್ಬನು ಇಂತಹ ಒಂದು ಕೈಪಿಡಿಯಲ್ಲಿ, ಅನುಕ್ರಮ ಸಂಖ್ಯೆಗಳನ್ನು ಕುರಿತ ಪ್ರಕರಣದೊಳಗೆ, ಕೆಲವು ಶಬ್ದಗಳಿಗೆ ಹಚ್ಚಿದ್ದ ಗುರುತುಗಳು ತಪ್ಪಾಗಿರುವದನ್ನು ಕಂಡು ತಿದ್ದುಪಡಿಯನ್ನು ಬರೆದು ಕಳುಹಿಸಿದನು. ಈ ಸಂಗತಿಯು ಸುಶಿಕ್ಷಿತರ ಒಂದು ಕೂಟದಲ್ಲಿ ಪ್ರಸ್ತಾಪವಾದಾಗ ಮೂರು ಆಕ್ಷೇಪಗಳು ಹುಟ್ಟಿದವು. ಒಂದು: ಆತನು ಒಂದು ಶಬ್ದವನ್ನಾದರೂ ಕೂಡಿಸಲಿಲ್ಲ, ಕಳೆಯಲಿಲ್ಲ, ಶಬ್ದಗಳು ಇದ್ದಂತೆಯೇ ಇರಲು ಅರ್ಥವು ಹೇಗೆ ಕೆಟ್ಟೀತು? ಎರಡು: ಗುರುತು ತಪ್ಪಿದ್ದರೂ ಬುದ್ಧಿವಂತ ಓದುಗನು ಅಭಿಪ್ರಾಯವನ್ನು ತಾನೇ ಊಹಿಸಿಕೊಳ್ಳುವನು. ಮೂರು: ಅದು ಪರದೇಶದವರ ಗ್ರಂಥ, ಪರಭಾಷೆಯ ಗ್ರಂಥ, ಅದರ ಚಿಕ್ಕೆ ಗೆರೆಗಳನ್ನು ತಿದ್ದುವ ಉಪದ್ವ್ಯಾಪವು ಕನ್ನಡಿಗನಿಗೇಕೆ? ಈ ಮೂರೂ ಮಾತುಗಳನ್ನು ಆಡಿದವರು ಸಜ್ಜನರೇ; ಆದರೆ ಮೂರೂ ನಿಲ್ಲತಕ್ಕ ಮಾತುಗಳಲ್ಲ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಅಸಂಖ್ಯ ದಾಖಲೆಗಳನ್ನು ಕ್ರಮವಾಗಿ ಇಟ್ಟುಕೊಳ್ಳುವ ಯಂತ್ರದ ಭಂಡಾರಕ್ಕೆ ಡೇಟಾಬೇಸ್ ಎಂದು ಹೆಸರು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬುದು ಅಂತಹವುಗಳಲ್ಲಿ ಬಹು ಪ್ರಸಿದ್ಧವಾದುದು. ಅದರ ಮೂಲವು ೧೯೮೬ರಲ್ಲಿ ಅಮೇರಿಕೆಯ ಬರ್ಕ್ಲಿ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಮೈಕೆಲ್ ಸ್ಟೋನ್‌ಬ್ರೇಕರ್ ಎಂಬವರ ನೇತೃತ್ವದಲ್ಲಿ ಆರಂಭವಾಯಿತು. ಈಗಿನ ಹೆಸರು ೧೯೯೬ರಲ್ಲಿ ಬಂದಿತು. ಅದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಬಳಸಬಹುದು, ಅದರ ಕೈಪಿಡಿಗೆ ಯಾರು ಬೇಕಾದರೂ ತಿದ್ದುಪಡಿಯನ್ನು ಸೂಚಿಸಬಹುದು. ಪ್ರತಿಯೊಂದು ಹೊಸ ದಾಖಲೆಗೆ ಒಂದೊಂದು ಹೊಸ ಸಂಖ್ಯೆಯನ್ನು ಕೊಡುತ್ತ ಹೋಗುವ ಸಾಧನಕ್ಕೆ ಅದರಲ್ಲಿ ಸೀಕ್ವೆನ್ಸ್ ಎನ್ನುತ್ತಾರೆ. ಇದನ್ನೇ ನಾನು ಅನುಕ್ರಮವೆಂದು ಕರೆಯುವೆನು. ರಸೀದಿ ಪುಸ್ತಕದ ಹಾಳೆಗಳ ಮೇಲೆ ಮೊದಲೇ ಅಚ್ಚಾಗಿರುವ ನಂಬರುಗಳಂತೆ ಇದರ ಕೆಲಸವು.

ಇನ್ನು ಗುರುತುಗಳ ವಿಚಾರ. ಮೊಳೆ ಜೋಡಿಸುವ ಕಾಲದಲ್ಲಿ ಸಂಪಾದಕನು ಹಸ್ತಪ್ರತಿಯ ಅಂಚಿನಲ್ಲಿ 'ಇದು ದಪ್ಪಕ್ಷರ, ಇದು ಓರೆಯಕ್ಷರ, ಇದು ಶಿರೋನಾಮ' ಎಂದು ಮುದ್ರಣಾಲಯದವನಿಗೆ ಗುರುತು ಹಾಕಿ ಕೊಡುತ್ತಿದ್ದನು. ಇಂಗ್ಲಿಷಿನಲ್ಲಿ ಅದಕ್ಕೆ ಮಾರ್ಕಪ್ ಎಂದು ಹೆಸರಾಯಿತು. ಅದೇ ಪದ್ಧತಿಯು ಯಂತ್ರಕ್ಕೆ ಬಂದಿದೆ. ೧೯೯೧ರಲ್ಲಿ ಹುಟ್ಟಿದ ಡಾಕ್‌ಬುಕ್ ಎಂಬ ಗುರುತುಗಳ ಪದ್ಧತಿಯಲ್ಲಿ ಈ ಕೈಪಿಡಿಯು ಬರೆಯಲ್ಪಟ್ಟಿದೆ. ಅದರಲ್ಲಿ 'ಇದು ಆಜ್ಞೆ', 'ಇದು ಇದ್ದಂತೆಯೇ ಬರೆಯತಕ್ಕ ಶಬ್ದ', 'ಇದರ ಸ್ಥಳದಲ್ಲಿ ನಿನ್ನ ಶಬ್ದವನ್ನು ಹಾಕು', 'ಇದು ಎಚ್ಚರಿಕೆ' ಎಂದು ಒಂದೊಂದಕ್ಕೆ ಒಂದೊಂದು ಗುರುತುಂಟು. ಗುರುತು ಅಚ್ಚಿನಲ್ಲಿ ಕಾಣುವದಿಲ್ಲ. ಅದರ ಫಲವು ಮಾತ್ರ ಅಕ್ಷರದ ರೂಪದಲ್ಲಿ ಕಾಣುತ್ತದೆ.

ಈಗ ಮೊದಲನೆಯ ಆಕ್ಷೇಪಕ್ಕೆ ಬರೋಣ. ಅನುಕ್ರಮವನ್ನು ಸೃಷ್ಟಿಸುವ ಆಜ್ಞೆಯು ಕೈಪಿಡಿಯಲ್ಲಿ ಮೂರು ಇಂಗ್ಲಿಷ್ ಶಬ್ದಗಳಿಂದ ಆರಂಭವಾಗುತ್ತದೆ: ಕ್ರಿಯೇಟ್, ಸೀಕ್ವೆನ್ಸ್, ನೇಮ್. ಮೊದಲಿನ ಎರಡನ್ನು ಇದ್ದಂತೆಯೇ ಬರೆಯಬೇಕು. ಮೂರನೆಯದರ ಸ್ಥಳದಲ್ಲಿ ನಮಗೆ ಬೇಕಾದ ಹೆಸರನ್ನು ಬರೆಯಬೇಕು. ಮೂರನೆಯದು ಓರೆಯಕ್ಷರದಲ್ಲಿ ಇರುವದರಿಂದಲೇ ಕಲಿಯುವವನಿಗೆ ಈ ಭೇದವು ತಿಳಿಯುತ್ತದೆ. ಆ ಗುರುತು ತಪ್ಪಿದರೆ ಆತನು ಮೂರನ್ನೂ ಹಾಗೆಯೇ ಬರೆಯುವನು. ಯಂತ್ರವು ಎದುರಾಡದೆ 'ನೇಮ್' ಎಂಬ ಹೆಸರಿನದೇ ಒಂದು ಅನುಕ್ರಮವನ್ನು ಹುಟ್ಟಿಸಿ ಕೊಡುವದು. ಅರ್ಜಿಯಲ್ಲಿ 'ಅರ್ಜಿದಾರನ ಹೆಸರು' ಎಂದಿದ್ದ ಸ್ಥಳದಲ್ಲಿ 'ಹೆಸರು' ಎಂದೇ ಬರೆದು ಕೊಟ್ಟವನ ಕಥೆಯಂತಾಯಿತು. ಇಲ್ಲಿ ಶಬ್ದವು ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಆದರೂ ಅರ್ಥವು ಕೆಟ್ಟಿತು.

ಇದಕ್ಕಿಂತಲೂ ಸೂಕ್ಷ್ಮವಾದುದೊಂದುಂಟು. ಅನುಕ್ರಮದಿಂದ ಮುಂದಿನ ಸಂಖ್ಯೆಯನ್ನು ತರಿಸುವ ಆಜ್ಞೆಗೆ ನೆಕ್ಸ್ಟ್‌ವಾಲ್ ಎಂದು ಹೆಸರು. ಯಾವ ಅನುಕ್ರಮವೆಂಬುದನ್ನು ಆವರಣದೊಳಗೆ ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಹೇಳಬೇಕು. ಅಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದರೂ ಯಂತ್ರವು ಅವನ್ನು ಚಿಕ್ಕಕ್ಷರಗಳೆಂದೇ ಗ್ರಹಿಸುತ್ತದೆ. ಒಂಟಿ ಚಿಹ್ನೆಗಳ ಒಳಗೆ ಮತ್ತೆ ಜೋಡಿ ಚಿಹ್ನೆಗಳನ್ನು ಹಾಕಿದರೆ ಮಾತ್ರ ಬರೆದದ್ದು ಬರೆದಂತೆಯೇ ನಿಲ್ಲುವದು. ಎಂದರೆ ಒಂದು ಜೋಡಿ ಚಿಹ್ನೆಯ ಇರುವಿಕೆ ಇಲ್ಲದಿರುವಿಕೆಗಳಿಂದ ಯಂತ್ರವು ಬೇರೊಂದು ಅನುಕ್ರಮಕ್ಕೇ ಕೈ ಹಾಕುವದು, ಇಲ್ಲವೆ ಅಂತಹುದೇ ಇಲ್ಲವೆಂದು ಹೇಳಿ ಕೆಲಸವನ್ನು ನಿಲ್ಲಿಸುವದು. ಕಚೇರಿಗಳಲ್ಲಿ ಬರೆಹಕ್ಕೆ ಬಳಸುವ ಯಂತ್ರಗಳು ಈ ನೆಟ್ಟನೆಯ ಚಿಹ್ನೆಗಳನ್ನು ಅಂದಕ್ಕಾಗಿ ತಾವಾಗಿಯೇ ಬಾಗಿಸಿಬಿಡುತ್ತವೆ. ಬಾಗಿದ ಚಿಹ್ನೆಯನ್ನು ಡೇಟಾಬೇಸು ಒಪ್ಪುವದೇ ಇಲ್ಲ. ಕಣ್ಣಿಗೆ ಚೆಲುವಾದುದು ಕೆಲಸಕ್ಕೆ ಕೇಡಾಯಿತು.

ಈ ಮಾತು ನಮ್ಮ ಪರಂಪರೆಗೆ ಹೊಸದಲ್ಲ. ಪಾಠಶಾಲೆಯಲ್ಲಿ ಪಾಣಿನೀಯವನ್ನು ಓದಿದವರೆಲ್ಲರೂ ಅನುಬಂಧವೆಂಬುದನ್ನು ಬಲ್ಲರು. ಪ್ರತ್ಯಯದೊಡನೆ ಪಾಣಿನಿಯು ಹಚ್ಚಿದ ಕೆಲವು ಅಕ್ಷರಗಳು ಉಚ್ಚಾರಣೆಯಲ್ಲಿ ಉಳಿಯುವದಿಲ್ಲ. ಅವಕ್ಕೆ ಇತ್ ಎಂಬ ಸಂಜ್ಞೆಯನ್ನು ಕೊಟ್ಟು ಲೋಪವನ್ನು ವಿಧಿಸಿದ್ದಾನೆ. ಪಚ್ ಎಂಬ ಧಾತುವಿಗೆ ಘಞ್ ಪ್ರತ್ಯಯವನ್ನು ಹಚ್ಚಿದರೆ ಉಳಿಯುವದು ಅಕಾರವೊಂದೇ. ಆದರೆ ಘಕಾರದ ಬಲದಿಂದ ಚಕಾರವು ಕಕಾರವಾಗುತ್ತದೆ. ಞಕಾರದ ಬಲದಿಂದ ಅಕಾರಕ್ಕೆ ವೃದ್ಧಿ ಬರುತ್ತದೆ. 'ಪಾಕ' ಎಂಬ ರೂಪವು ಸಿದ್ಧಿಸುತ್ತದೆ. ಅದೇ ಧಾತುವಿಗೆ ಅಚ್ ಪ್ರತ್ಯಯವನ್ನು ಹಚ್ಚಿದರೂ ಉಳಿಯುವದು ಅಕಾರವೊಂದೇ. ಆದರೆ ಆಗುವ ರೂಪವು 'ಪಚ'. ಮೊದಲನೆಯದು ಅಡಿಗೆಯೆಂಬ ಕ್ರಿಯೆ, ಎರಡನೆಯದು ಅಡಿಗೆ ಮಾಡುವವನು. ಉಳಿಯುವ ಅಕ್ಷರವೊಂದೇ, ಗುರುತು ಮಾತ್ರ ಬೇರೆ. ಆ ಗುರುತಿನ ಭೇದದಿಂದಲೇ ಅಡಿಗೆಯೂ ಅಡಿಗೆಯವನೂ ಬೇರೆಬೇರೆಯಾದರು. ಗುರುತು ಅರ್ಥಕ್ಕೆ ಹೊರಗಿನದೆಂದು ಹೇಳುವವರು ಇದಕ್ಕೆ ಏನು ಸಮಾಧಾನವನ್ನು ಹೇಳುವರು?

ಇನ್ನೊಂದನ್ನು ನೋಡಿರಿ. ಹದಿನಾಲ್ಕು ಮಾಹೇಶ್ವರ ಸೂತ್ರಗಳಲ್ಲಿ ಣಕಾರವೆಂಬ ಅನುಬಂಧವು ಎರಡು ಕಡೆ ಬಂದಿದೆ. ಇದರಿಂದ ಅಣ್ ಎಂಬ ಪ್ರತ್ಯಾಹಾರವು ಮೊದಲಿನ ಣಕಾರದವರೆಗಿನದೋ ಎರಡನೆಯ ಣಕಾರದವರೆಗಿನದೋ ಎಂಬ ಸಂದೇಹವು ಹುಟ್ಟಿತು. ಪತಂಜಲಿಯ ಮಹಾಭಾಷ್ಯದಿಂದ ಮೊದಲಾಗಿ ಎರಡು ಸಾವಿರ ವರ್ಷಗಳಿಂದ ವ್ಯಾಖ್ಯಾನಕಾರರು ಈ ಒಂದು ಗುರುತಿನ ವಿಚಾರವನ್ನು ಮಾಡುತ್ತ ಬಂದಿದ್ದಾರೆ. ಅವರನ್ನು ಯಾರೂ ಕಾಲಹರಣ ಮಾಡುವವರೆಂದು ನಗಲಿಲ್ಲ. ಒಂದೇ ಗುರುತನ್ನು ಎರಡು ಅರ್ಥಗಳಲ್ಲಿ ಬಳಸಿದರೆ ಏನಾಗುವದೆಂಬುದನ್ನು ಅವರು ಅರಿತಿದ್ದರು. ಅದೇ ಕೆಲಸವನ್ನು ನಮ್ಮ ತರುಣನು ಯಂತ್ರದ ಕೈಪಿಡಿಯಲ್ಲಿ ಮಾಡಿದರೆ ಅದು ಹೇಗೆ ಹೀನವಾಯಿತು?

ಎರಡನೆಯ ಆಕ್ಷೇಪವು ಓದುಗನ ಬುದ್ಧಿಯನ್ನು ನಂಬಿದೆ. ಆದರೆ ಕೈಪಿಡಿಯನ್ನು ತೆರೆಯುವವನಾರು? ಬಲ್ಲವನು ಅದನ್ನು ತೆರೆಯುವದು ಅಪರೂಪ, ಅರಿಯದವನೇ ತೆರೆಯುತ್ತಾನೆ. ಊಹಿಸಿಕೊಳ್ಳಲು ಬೇಕಾದ ಜ್ಞಾನವಿಲ್ಲದವನಿಗೆ 'ಊಹಿಸಿಕೋ' ಎಂದು ಹೇಳುವದು ಈಜು ಬಾರದವನಿಗೆ ಬಾವಿಯ ಆಳವನ್ನು ನೀನೇ ನೋಡಿಕೋ ಎಂದಂತೆ. ಇದರ ಪರಿಣಾಮವು ಮನುಷ್ಯನ ಮಾನಕ್ಕೆ ಹೇಗೆ ಮುಟ್ಟುವದೆಂಬುದಕ್ಕೆ ನಾನು ಬಲ್ಲ ಒಂದು ಸಂಗತಿಯನ್ನು ಹೇಳುವೆನು.

ನನ್ನಲ್ಲಿ ಓದಿದ ವಿದ್ಯಾರ್ಥಿಯೊಬ್ಬನು ಒಂದು ಸಂಸ್ಥೆಯಲ್ಲಿ ಕಾರಕೂನನಾಗಿದ್ದನು. ಸಂಸ್ಥೆಯ ಹೆಸರು ಇಲ್ಲಿ ಅನಾವಶ್ಯಕ. ಹಣ ಕಟ್ಟಿದವರಿಗೆ ಯಂತ್ರದಿಂದ ರಸೀದಿ ಕೊಡುವದು ಆತನ ಕೆಲಸವು. ವರ್ಷಾಂತ್ಯದ ತಪಾಸಣೆಯಲ್ಲಿ ೪೧೭ನೆಯ ರಸೀದಿಯ ಮುಂದೆ ೪೧೯ನೆಯದು ಕಂಡಿತು, ೪೧೮ ಇರಲಿಲ್ಲ. ಕಾಗದದ ರಸೀದಿ ಪುಸ್ತಕದ ಕಾಲದಲ್ಲಿ ಹಾಳೆಯೊಂದು ಕಾಣೆಯಾದರೆ ಅದರ ಹಣವೂ ಕಾಣೆಯಾಗಿದೆಯೆಂದು ಶಂಕಿಸುವದು ರೂಢಿ. ಆ ರೂಢಿಯಂತೆಯೇ ಆತನನ್ನು ವಿಚಾರಿಸಿದರು. ಮೂರು ವಾರಗಳ ಕಾಲ ಆತನು ಕಳ್ಳನಲ್ಲವೆಂದು ತಾನೇ ಸಿದ್ಧಮಾಡಬೇಕಾಗಿ ಬಂದಿತು.

ಸತ್ಯವು ಬಹು ಸರಳವಾದುದು. ಎರಡು ಕಿಟಕಿಗಳಲ್ಲಿ ಇಬ್ಬರು ಕೂಡಿಯೇ ರಸೀದಿ ಕೊಡುತ್ತಿರುವರೆಂದು ತಿಳಿಯಿರಿ. ಮೊದಲಿನವನು ೪೧೮ನ್ನು ತೆಗೆದುಕೊಂಡನು. ಆತನ ವ್ಯವಹಾರವು ಮುಗಿಯುವ ತನಕ ಎರಡನೆಯವನನ್ನು ತಡೆದು ನಿಲ್ಲಿಸಿದರೆ ಹಣ ಕಟ್ಟಲು ಬಂದವರ ಸಾಲು ಬೀದಿಗೆ ಬಂದೀತು. ಆದುದರಿಂದ ಯಂತ್ರವು ಎರಡನೆಯವನಿಗೆ ಕೂಡಲೆ ೪೧೯ನ್ನು ಕೊಟ್ಟುಬಿಡುತ್ತದೆ. ಅಷ್ಟರಲ್ಲಿ ವಿದ್ಯುತ್ತು ಹೋಗಿಯೋ ಬೇರೊಂದು ಕಾರಣದಿಂದಲೋ ಮೊದಲಿನ ವ್ಯವಹಾರವು ಮುರಿದುಬಿದ್ದರೆ ೪೧೮ ವ್ಯರ್ಥವಾಗುವದು. ಅದು ಮರಳಿ ಅನುಕ್ರಮಕ್ಕೆ ಸೇರುವದಿಲ್ಲ. ಯಂತ್ರಕ್ಕೆ ಸಂಖ್ಯೆಗಳ ಬಡತನವಿಲ್ಲ. ಸಾಮಾನ್ಯವಾಗಿ ಅನುಕ್ರಮವು ೯೨೨೩೩೭೨೦೩೬೮೫೪೭೭೫೮೦೭ರ ವರೆಗೆ ಹೋಗಬಲ್ಲದು; ಒಂದು ಸಂಖ್ಯೆ ಹೋದರೆ ಅದಕ್ಕೇನು ನಷ್ಟ? ಆದರೆ ಮನುಷ್ಯನ ತಪಾಸಣೆಗೆ ಅದು ದೊಡ್ಡ ವಿಷಯವು. ಸರಕು ಮತ್ತು ಸೇವಾ ತೆರಿಗೆಯ ೨೦೧೭ರ ಕೇಂದ್ರ ನಿಯಮಗಳಲ್ಲಿ ೪೬ನೆಯದು ಬಿಲ್ಲುಗಳಿಗೆ ಒಂದರ ಹಿಂದೊಂದು ಬರುವ ಕ್ರಮಸಂಖ್ಯೆ ಇರಬೇಕೆನ್ನುತ್ತದೆ. ಹೀಗಿರಲು ಯಂತ್ರದ ಅನುಕ್ರಮವನ್ನು ವಿಚಾರವಿಲ್ಲದೆ ರಸೀದಿಗೂ ಬಿಲ್ಲಿಗೂ ಬಳಸಿದರೆ ಲೆಕ್ಕದಲ್ಲಿ ತೆರವುಗಳು ಬೀಳುವದು ನಿಶ್ಚಯವು.

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಕೈಪಿಡಿಯು ಇದನ್ನು ಮರೆಮಾಚಿಲ್ಲ. ತೆರವಿಲ್ಲದ ಕ್ರಮಸಂಖ್ಯೆಯು ಈ ಸಾಧನದಿಂದ ದೊರೆಯಲಾರದೆಂಬುದನ್ನು 'ಎಚ್ಚರಿಕೆ' ಎಂಬ ಗುರುತು ಹಚ್ಚಿ, ಪೆಟ್ಟಿಗೆಯೊಳಗೆ ಇಟ್ಟು, ಉಳಿದ ಬರೆಹದಿಂದ ಬೇರ್ಪಡಿಸಿ ಹೇಳಿದೆ. ಆದರೆ ಆ ಸಂಸ್ಥೆಯವರ ಕೈಯಲ್ಲಿದ್ದದ್ದು ಅದನ್ನು ನೋಡಿ ಯಾರೋ ಸಂಗ್ರಹಿಸಿ ಕೊಟ್ಟ ಕಿರುಹೊತ್ತಿಗೆಯು. ಸಂಗ್ರಹಿಸಿದವರು ಪೆಟ್ಟಿಗೆಯನ್ನು ತೆಗೆದುಹಾಕಿ ಆ ವಾಕ್ಯಗಳನ್ನು ಉದ್ದನೆಯ ಒಂದು ಪರಿಚ್ಛೇದದ ನಡುವೆ ಸೇರಿಸಿಬಿಟ್ಟಿದ್ದರು. ಒಂದು ಶಬ್ದವೂ ಹೋಗಿರಲಿಲ್ಲ. ಗುರುತು ಮಾತ್ರ ಹೋಗಿತ್ತು. ಅಲ್ಲಿದ್ದುದನ್ನು ಯಾರೂ ಓದಲಿಲ್ಲ. ಕೊನೆಗೆ ಓದಿ ತೋರಿಸಿದ ಮೇಲೆ ಆತನು ಬಿಡುಗಡೆ ಹೊಂದಿದನು. ಬುದ್ಧಿವಂತ ಓದುಗನು ಊಹಿಸಿಕೊಳ್ಳುವನೆಂದು ಹೇಳುವವರು ಆ ಮೂರು ವಾರಗಳ ಲೆಕ್ಕವನ್ನು ಯಾರ ಹೆಸರಿನಲ್ಲಿ ಬರೆಯುವರು?

ಮೂರನೆಯ ಆಕ್ಷೇಪಕ್ಕೆ ನಮ್ಮ ಕನ್ನಡ ಅಕ್ಷರವೇ ಉತ್ತರವನ್ನು ಹೇಳುತ್ತದೆ. ಜಗತ್ತಿನ ಸಕಲ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದ ಯೂನಿಕೋಡ್ ಎಂಬ ಪಟ್ಟಿಯು ೧೯೯೧ರಲ್ಲಿ ಮೊದಲು ಪ್ರಕಟವಾಯಿತು. ಅದರಲ್ಲಿ ೩೨೦೦ರಿಂದ ೩೩೨೭ರ ವರೆಗಿನ ೧೨೮ ಸ್ಥಾನಗಳು ಕನ್ನಡಕ್ಕೆ ಮೀಸಲಾಗಿವೆ. ೩೨೯೪ನೆಯ ಸ್ಥಾನದಲ್ಲಿ ನಮ್ಮ ಹಳೆಗನ್ನಡದ ೞಕಾರವಿದೆ. ಹಲ್ಮಿಡಿಯ ಶಾಸನದಲ್ಲಿ ಕೆತ್ತಲ್ಪಟ್ಟ ಅಕ್ಷರವದು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿಸ್ತಾರವಾಗಿ ವಿಚಾರಿಸಿದ ಅಕ್ಷರವದು. ಬಾಳ್ ಎಂದರೆ ಕತ್ತಿ. ಬಾೞ್ ಎಂದರೆ ಜೀವಿಸು. ಇಂತಹ ಅಕ್ಷರಕ್ಕೆ ಆ ಪಟ್ಟಿಯಲ್ಲಿ ಕೊಟ್ಟಿರುವ ಹೆಸರೇನು? 'ಕನ್ನಡ ಅಕ್ಷರ ಫಾ' ಎಂದು! ಇಂಗ್ಲಿಷಿನ ಎಫ್ ಧ್ವನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆ ಧ್ವನಿಯನ್ನು ನಾವು ಫಕಾರದ ಕೆಳಗೆ ಚಿಕ್ಕೆಯಿಟ್ಟು ಬರೆಯುತ್ತೇವೆ.

ತಪ್ಪು ತಿಳಿದು ಬಂದಿತು. ಆದರೆ ಹೆಸರು ಬದಲಾಗಲಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಲಾಗದೆಂಬುದು ಆ ಪಟ್ಟಿಯ ನಿಯಮವು. ಎಷ್ಟೋ ಯಂತ್ರಗಳು ಆ ಹೆಸರುಗಳನ್ನು ನಂಬಿ ನಡೆಯುತ್ತಿರುವದರಿಂದ ಈ ನಿಯಮಕ್ಕೆ ಕಾರಣವಿಲ್ಲವೆಂದು ನಾನು ಹೇಳಲಾರೆನು. ಕೊನೆಗೆ 'ಹೆಸರು ತಪ್ಪಿದೆ, ಇದು ೞಕಾರವೆಂದು ತಿಳಿಯಿರಿ' ಎಂಬ ಅಭಿಪ್ರಾಯದ ಟಿಪ್ಪಣಿಯನ್ನೂ, ಅಧಿಕೃತವಾದ ಒಂದು ಪರ್ಯಾಯನಾಮವನ್ನೂ ಪಕ್ಕದಲ್ಲಿ ಸೇರಿಸಿದರು. ತಪ್ಪು ಹೆಸರು ಮಾತ್ರ ಆಚಂದ್ರಾರ್ಕವಾಗಿ ಉಳಿಯಿತು. ನಮ್ಮ ನಗರಕ್ಕೆ ೨೦೧೪ರ ನವೆಂಬರ್ ೧ರಂದು ವಿಜಯಪುರವೆಂಬ ಹೆಸರು ಮರಳಿ ಬಂದಿತು. ಸ್ಟೇಷನ್ ರಸ್ತೆಗೆ ಹೆಸರು ಕೊಟ್ಟ ರೈಲು ನಿಲ್ದಾಣದ ಫಲಕವೂ ಬದಲಾಯಿತು. ಹಳೆಯ ಹೆಸರಿನಿಂದ ಹುಟ್ಟಿದ ನಿಲ್ದಾಣದ ಮೂರಕ್ಷರದ ಸಂಕೇತವು ಮಾತ್ರ ಹಾಗೆಯೇ ಉಳಿಯಿತು. ಊರಿನ ಹೆಸರನ್ನು ತಿದ್ದಲು ಸಾಧ್ಯವಾಯಿತು. ಒಂದು ಅಕ್ಷರದ ಹೆಸರನ್ನು ತಿದ್ದಲು ಸಾಧ್ಯವಾಗಲಿಲ್ಲ. ಅಚ್ಚಾಗುವ ಮೊದಲು ಕೇಶಿರಾಜನನ್ನು ಓದಿದ ಒಬ್ಬ ಕನ್ನಡಿಗನು ಆ ಕರಡನ್ನು ನೋಡಿ ಒಂದು ಗೆರೆ ಎಳೆದಿದ್ದರೆ ಸಾಕಾಗಿತ್ತು. ಪರರ ಗ್ರಂಥವು ನಮಗೇಕೆಂದು ಸುಮ್ಮನಿರುವವರಿಗೆ ದೊರೆಯುವ ಫಲವಿದು: ನಮ್ಮ ಅಕ್ಷರವು ನಮ್ಮದಲ್ಲದ ಹೆಸರಿನಿಂದ ಲೋಕದಲ್ಲಿ ಸಂಚರಿಸುತ್ತದೆ.

ಅದೇ ಪಟ್ಟಿಯಲ್ಲಿ 'ಕೇ' ಎಂಬ ಒಂದು ಅಕ್ಷರವನ್ನು ಎರಡು ಬಗೆಯಾಗಿ ಇಡಬಹುದು: ೩೨೨೧, ೩೨೭೧ ಎಂಬ ಎರಡು ಸಂಖ್ಯೆಗಳಿಂದ, ಇಲ್ಲವೆ ೩೨೨೧, ೩೨೭೦, ೩೨೮೫ ಎಂಬ ಮೂರು ಸಂಖ್ಯೆಗಳಿಂದ. ಕಣ್ಣಿಗೆ ಎರಡೂ ಒಂದೇ. ಪಟ್ಟಿಯೂ ಎರಡನ್ನೂ ಸಮಾನವೆಂದು ಹೇಳುತ್ತದೆ. ಆದರೆ ಡೇಟಾಬೇಸಿನೊಳಗೆ ಅವನ್ನು ಮೊದಲು ಏಕರೂಪಕ್ಕೆ ತಾರದಿದ್ದರೆ ಹುಡುಕುವಾಗ ಒಂದು ಸಿಕ್ಕು ಇನ್ನೊಂದು ಸಿಕ್ಕದೆ ಹೋಗಬಹುದು. ಇದನ್ನು ಬರೆದು ತಿಳಿಸತಕ್ಕವರು ಯಾರು? ಕನ್ನಡವನ್ನು ದಿನವೂ ಬರೆಯುವವರೇ ಅಲ್ಲವೆ?

ಈ ನಗರದಲ್ಲಿ ವಾಸಿಸುವವರಿಗೆ ಇಂತಹ ಕೆಲಸದ ಮಹಿಮೆಯನ್ನು ಹೊರಗಿನಿಂದ ಯಾರೂ ಕಲಿಸಬೇಕಾಗಿಲ್ಲ. ಇಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಕೂಡಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಇಟ್ಟರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಹಳೆಯ ಓಲೆಗಳಲ್ಲಿ ಎಕಾರ ಏಕಾರಗಳ, ಒಕಾರ ಓಕಾರಗಳ ಭೇದವು ಬಹುಧಾ ತೋರದು. ಇಂದಿನ ವಿರಾಮ ಚಿಹ್ನೆಗಳಂತೂ ಇಲ್ಲ. ಶಬ್ದವೆಲ್ಲಿ ಮುಗಿಯಿತು, ವಾಕ್ಯವೆಲ್ಲಿ ಮುಗಿಯಿತು ಎಂಬುದನ್ನು ಗೊತ್ತುಮಾಡಿ ಗುರುತು ಹಚ್ಚುವದೇ ಸಂಪಾದಕನ ದೊಡ್ಡ ಹೊಣೆಯು. ನಾವಿಂದು ವಚನಗಳನ್ನು ತಡೆಯಿಲ್ಲದೆ ಓದುತ್ತಿದ್ದರೆ ಅದು ಅಂತಹ ಗುರುತು ಹಚ್ಚಿದವರ ಪುಣ್ಯವು.

ಗುರುತಿಲ್ಲದ ಸಂಖ್ಯೆಯ ಗತಿಯೇನಾಗುವದೆಂಬುದಕ್ಕೂ ಈ ನೆಲದಲ್ಲಿಯೇ ಸಾಕ್ಷಿಯಿದೆ. ಚಾಲುಕ್ಯರ ಶಾಸನಗಳಲ್ಲಿ ನಮ್ಮ ಈ ಸೀಮೆಯು ತರ್ದವಾಡಿ ಸಾಸಿರವೆಂದು ಪ್ರಸಿದ್ಧವಾಗಿದೆ. ಆ ಸಾವಿರವೆಂಬುದು ಹಳ್ಳಿಗಳ ಲೆಕ್ಕವೋ, ಹುಟ್ಟುವಳಿಯ ಲೆಕ್ಕವೋ, ಮತ್ತೇನೋ ಎಂಬುದರಲ್ಲಿ ಇತಿಹಾಸಕಾರರಿಗೆ ಇನ್ನೂ ಏಕಮತವಿಲ್ಲ. ಸಂಖ್ಯೆಯು ಕಲ್ಲಿನಲ್ಲಿ ಉಳಿಯಿತು. ಅದು ಯಾವುದರ ಸಂಖ್ಯೆಯೆಂಬ ವಿವರಣೆಯು ಉಳಿಯಲಿಲ್ಲ. ಇಂದು ಯಂತ್ರಗಳೊಳಗೆ ಕೋಟ್ಯವಧಿ ಸಂಖ್ಯೆಗಳನ್ನು ತುಂಬುತ್ತಿರುವ ನಾವು ಅವುಗಳ ವಿವರಣೆಯನ್ನು ಅಲಕ್ಷಿಸಿದರೆ ಮುಂದಿನವರಿಗೆ ಎಷ್ಟು ತರ್ದವಾಡಿಗಳನ್ನು ಬಿಟ್ಟುಹೋಗುವೆವೋ!

ತಿದ್ದುಪಡಿಯೆಂದು ಹೆಸರಿಟ್ಟ ಎಲ್ಲವೂ ಶ್ಲಾಘ್ಯವೆಂದು ನಾನು ಹೇಳುತ್ತಿಲ್ಲ. ಸರಿಯಿದ್ದುದನ್ನು ತನ್ನ ರುಚಿಗೆ ತಕ್ಕಂತೆ ಬದಲಿಸುವದು ತಿದ್ದುವಿಕೆಯಲ್ಲ, ಚಾಪಲ್ಯವು. ಯಾವ ಗುರುತಿನಿಂದ ಓದುಗನು ದಾರಿ ತಪ್ಪುವನೋ ಅದನ್ನು ತಿದ್ದುವದು ತಿದ್ದುವಿಕೆ. ಈ ವಿವೇಕವನ್ನು ಇಟ್ಟುಕೊಂಡು ನಮ್ಮ ಸುಶಿಕ್ಷಿತ ಕುಟುಂಬಗಳು ಮಾಡತಕ್ಕದ್ದು ಇಷ್ಟು. ಕನ್ನಡದಲ್ಲಿ ಕೈಪಿಡಿಗಳನ್ನು ಬರೆಯುವವರೂ ಅನುವಾದಿಸುವವರೂ ಮೂಲದ ಶಬ್ದಗಳೊಡನೆ ಅದರ ಗುರುತುಗಳನ್ನೂ ತರಬೇಕು. ಎಚ್ಚರಿಕೆಯ ಮಾತನ್ನು ಎಚ್ಚರಿಕೆಯ ರೂಪದಲ್ಲಿಯೇ ಅಚ್ಚುಮಾಡಬೇಕು. ತಪ್ಪನ್ನು ಕಂಡವರು ಮನೆಯಲ್ಲಿ ಕುಳಿತು ನಗದೆ, ಗ್ರಂಥವನ್ನು ಕಾಯುವವರಿಗೆ ಬರೆದು ತಿಳಿಸಬೇಕು. ಅದು ಸ್ಥಿರವಾಗಿ ನಿಲ್ಲುವ ಮೊದಲೇ ತಿಳಿಸಬೇಕು. ಮತ್ತು ಹಾಗೆ ಬರೆದು ತಿಳಿಸಿದ ತರುಣರನ್ನು ಹಿರಿಯರು ಹಾಸ್ಯ ಮಾಡಬಾರದು.

ಆ ತರುಣನ ತಿದ್ದುಪಡಿಯು ನಾಲ್ಕು ಸಾಲಿನದು. ಅದನ್ನು ನೋಡಿ ನಾಳೆ ಎಲ್ಲಿಯೋ ಒಬ್ಬನು ಆಜ್ಞೆಯನ್ನು ಸರಿಯಾಗಿ ಬರೆಯುವನು. ಯಾರು ತಿದ್ದಿದರೆಂಬುದು ಅವನಿಗೆ ತಿಳಿಯದು. ಘಞ್ ಪ್ರತ್ಯಯದ ಘಕಾರವೂ ಹೀಗೆಯೇ ತನ್ನ ಕೆಲಸವನ್ನು ಮಾಡಿ ಕಾಣದಾಗುತ್ತದೆ. ಕಾಣದಿರುವದು ಅದರ ದೋಷವಲ್ಲ.

— ಒಬ್ಬ ನಿವೃತ್ತ ಶಿಕ್ಷಕ
ಸ್ಟೇಷನ್ ರಸ್ತೆ, ವಿಜಯಪುರ